‘ಹಿಂಬರಹ ಕೊಡಿ’ ಅನ್ನುವುದನ್ನು ಕಲಿ: 18 ತುಂಬಿದ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿನಗೆ 18 ತುಂಬಿತು. ಇಂದಿನಿಂದ ನಿನ್ನ ಸಹಿಗೆ ಕಾನೂನಿನ ಬೆಲೆ ಇದೆ. ಬ್ಯಾಂಕಿನಲ್ಲಿ, ಮತಗಟ್ಟೆಯಲ್ಲಿ, ಠಾಣೆಯಲ್ಲಿ, ಮದುವೆಯ ನೋಂದಣಿಯಲ್ಲಿ ನಿನ್ನ ಪರವಾಗಿ ನಾನಾಗಲಿ ನಿಮ್ಮಪ್ಪನಾಗಲಿ ಸಹಿ ಮಾಡುವಂತಿಲ್ಲ. ಅದಕ್ಕೇ ಈ ಕಾಗದ. ಸ್ವಾತಂತ್ರ್ಯದ ಬಗ್ಗೆ ಭಾಷಣಗಳನ್ನು ಶಾಲೆಯಲ್ಲಿ ಬೇಕಾದಷ್ಟು ಕೇಳಿದ್ದೀಯ. ಅದು ದಿನನಿತ್ಯದ ಬಾಳಿನಲ್ಲಿ ಎಲ್ಲಿ ಕೈಗೆ ಸಿಗುತ್ತದೆ, ಎಲ್ಲಿ ಕೈತಪ್ಪುತ್ತದೆ ಅನ್ನುವುದನ್ನು ಯಾರೂ ಹೇಳಿಕೊಟ್ಟಿರಲಾರರು.

ಎರಡು ಪ್ರಶ್ನೆ ಬಾಯಿಪಾಠ ಮಾಡಿಕೋ. ‘ಯಾವ ಕಾನೂನಿನ ಪ್ರಕಾರ?’ ಅನ್ನುವುದು ಒಂದು. ‘ಅದನ್ನು ಬರೆದು ಕೊಡುತ್ತೀರಾ?’ ಅನ್ನುವುದು ಇನ್ನೊಂದು. ಕಚೇರಿ ಹಾಗೆ ಬರೆದು ಸಹಿ ಹಾಕಿ ಕೊಡುವ ಉತ್ತರಕ್ಕೇ ಹಿಂಬರಹ ಅನ್ನುವುದು. ಸರ್ಕಾರದ ಹೆಸರಿನಲ್ಲಿ ಯಾರೇ ನಿನ್ನನ್ನು ತಡೆದರೂ, ಏನನ್ನೇ ಕಿತ್ತುಕೊಂಡರೂ, ಏನೇ ಕೊಡುವುದಿಲ್ಲ ಅಂದರೂ ದನಿ ಏರಿಸದೆ ಈ ಎರಡನ್ನೂ ಕೇಳು. ನಮ್ಮ ಸಂವಿಧಾನದ ಲೆಕ್ಕ ಹೀಗಿದೆ: ಕಾನೂನು ಬೇಡ ಅನ್ನದ್ದನ್ನೆಲ್ಲ ನೀನು ಮಾಡಬಹುದು; ಕಾನೂನು ಅಧಿಕಾರ ಕೊಡದ ಯಾವುದನ್ನೂ ಅಧಿಕಾರಿ ನಿನ್ನ ಮೇಲೆ ಮಾಡುವಂತಿಲ್ಲ. ಸಂವಿಧಾನದ ಮೂರು ವಿಧಿಗಳನ್ನು ಪಕ್ಕಪಕ್ಕ ಇಟ್ಟು ಓದು. ಕಾನೂನು ಹೇಳಿದ ಕ್ರಮದಲ್ಲಿ ಅಲ್ಲದೆ ಯಾರ ಜೀವವನ್ನೂ ದೈಹಿಕ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ (21). ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಹಾಕುವಂತಿಲ್ಲ, ವಸೂಲು ಮಾಡುವಂತಿಲ್ಲ (265). ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ (300ಎ). ನಿನ್ನ ದೇಹ, ನಿನ್ನ ದುಡ್ಡು, ನಿನ್ನ ಮನೆ. ಮೂರಕ್ಕೂ ಬೀಗ ಒಂದೇ.

‘ಕಾನೂನು’ ಅಂದರೆ ಯಾವುದು ಅನ್ನುವುದರಲ್ಲೇ ಅರ್ಧ ಜಗಳ ಇರುತ್ತದೆ. ಎಲ್ಲಕ್ಕಿಂತ ಮೇಲೆ ಸಂವಿಧಾನ. ಅದರ ಕೆಳಗೆ ಸಂಸತ್ತು ಅಥವಾ ವಿಧಾನಮಂಡಲ ಮಾಡಿದ ಕಾಯ್ದೆ. ಕಾಯ್ದೆಯ ಬಲದಿಂದ ಹುಟ್ಟಿದ ನಿಯಮ, ಅಧಿಸೂಚನೆ ಅದರ ಕೆಳಗೆ. ಆಮೇಲೆ ಸುತ್ತೋಲೆ. ತೀರಾ ಕೆಳಗಿರುವುದು ‘ಮೇಲಿನಿಂದ ಹೇಳಿದ್ದಾರೆ’ ಅನ್ನುವ ಬಾಯಿಮಾತು. ಕಚೇರಿಯಲ್ಲಿ ನಿನಗೆ ಎದುರಾಗುವುದು ಸಾಮಾನ್ಯವಾಗಿ ಕೊನೆಯ ಎರಡು. ಸುತ್ತೋಲೆ ಅಂದರೆ ಇಲಾಖೆ ತನ್ನ ಸಿಬ್ಬಂದಿಗೆ ಬರೆದುಕೊಂಡ ಸೂಚನೆ. ಹಿಂದೆ ಕಾಯ್ದೆಯ ಬಲ ಇಲ್ಲದಿದ್ದರೆ ಅದು ನಿನ್ನ ಮೂಲಭೂತ ಹಕ್ಕನ್ನು ಕಸಿಯಲಾರದು.

ಇದು ಇತ್ಯರ್ಥವಾದದ್ದು ಖರಕ್ ಸಿಂಗ್ ಎಂಬ ಉತ್ತರ ಪ್ರದೇಶದ ಮನುಷ್ಯನ ಪ್ರಕರಣದಲ್ಲಿ. 1941ರ ಒಂದು ಡಕಾಯಿತಿ ಕೇಸಿನಲ್ಲಿ ಆತನನ್ನು ಹಿಡಿದು, ಸಾಕ್ಷ್ಯ ಇಲ್ಲವೆಂದು ಬಿಟ್ಟರು. ಆದರೂ ಪೊಲೀಸರು ಆತನ ಹೆಸರಿನಲ್ಲಿ ಹಿಸ್ಟರಿ ಶೀಟ್ (ನಿಗಾ ಇಡಬೇಕಾದವರ ಕಡತ) ತೆರೆದು, ರಾತ್ರಿ ಹೊತ್ತು ಬಂದು ಬಾಗಿಲು ಬಡಿದು, ಮನೆಯಲ್ಲಿದ್ದಾನೋ ಇಲ್ಲವೋ ಎಂದು ನೋಡಿಹೋಗುತ್ತಿದ್ದರು. ಯಾವ ಕಾನೂನಿನ ಪ್ರಕಾರ ಅಂದರೆ ಅವರ ಬಳಿ ಇದ್ದದ್ದು ಇಲಾಖೆಯ ಕೈಪಿಡಿ ಮಾತ್ರ. ರಾತ್ರಿಭೇಟಿಗೆ ಕಾಯ್ದೆಯ ಬಲವಿಲ್ಲ ಎಂದು ಸುಪ್ರೀಂ ಕೋರ್ಟ್ 1962ರ ಡಿಸೆಂಬರಿನಲ್ಲಿ ಆ ಭಾಗವನ್ನು ರದ್ದು ಮಾಡಿತು. ಪ್ರಶ್ನೆ ಅದಕ್ಕೂ ಹಳೆಯದು. 1762ರಲ್ಲಿ ಲಂಡನ್ನಿನಲ್ಲಿ ಜಾನ್ ಎಂಟಿಕ್ ಎಂಬ ಬರಹಗಾರನ ಮನೆಗೆ ದೊರೆಯ ದೂತರು ಮಂತ್ರಿಯ ವಾರಂಟ್ ಹಿಡಿದು ನುಗ್ಗಿ, ನಾಲ್ಕು ಗಂಟೆ ಕಪಾಟು ಪೆಟ್ಟಿಗೆಗಳನ್ನು ಜಾಲಾಡಿದರು. ಇಂಥ ವಾರಂಟಿಗೆ ಅವಕಾಶ ಕೊಡುವ ಕಾನೂನು ಯಾವ ಪುಸ್ತಕದಲ್ಲಿದೆ ತೋರಿಸಿ ಅಂದಿತು ನ್ಯಾಯಾಲಯ. ಯಾರೂ ತೋರಿಸಲಿಲ್ಲ. 1765ರಲ್ಲಿ ಎಂಟಿಕ್‌ನ ಪರವಾಗಿ ತೀರ್ಪು ಬಂತು. ಪರಿಹಾರ 300 ಪೌಂಡು.

ಕಾನೂನು ಇದೆ ಅಂತಾದ ಮೇಲೂ ಎರಡನೆಯ ಪ್ರಶ್ನೆ ಉಳಿಯುತ್ತದೆ. 1977ರ ಜುಲೈನಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಏಳು ದಿನದೊಳಗೆ ಒಪ್ಪಿಸಬೇಕೆಂದು ಆದೇಶ ಬಂತು. ಪಾಸ್‌ಪೋರ್ಟ್ ಕಾಯ್ದೆ 1967ರಲ್ಲಿ ಅದಕ್ಕೆ ಅಧಿಕಾರ ಇತ್ತು. ಅವರು ಕಾರಣ ಕೇಳಿ ಕಾಗದ ಬರೆದರು. ಸಾರ್ವಜನಿಕ ಹಿತದೃಷ್ಟಿಯಿಂದ ಕಾರಣ ಕೊಡಲಾಗುವುದಿಲ್ಲ ಎಂದು ವಿದೇಶಾಂಗ ಸಚಿವಾಲಯ ಉತ್ತರಿಸಿತು. 1978ರ ಜನವರಿ 25ರಂದು ಏಳು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿನಿಂದ 21ನೇ ವಿಧಿಯ ಅರ್ಥವೇ ಹಿಗ್ಗಿತು: ಏನೋ ಒಂದು ಕ್ರಮ ಪುಸ್ತಕದಲ್ಲಿದ್ದರೆ ಸಾಲದು, ಆ ಕ್ರಮ ನ್ಯಾಯಯುತವಾಗಿರಬೇಕು, ಮನಸ್ಸಿಗೆ ಬಂದಂತೆ ಇರಬಾರದು. ಎದುರಿನವರ ಮಾತು ಕೇಳಬೇಕು. ಕಾರಣ ಕೇಳಿ ಬರೆದ ಆ ಪತ್ರ ಇಲ್ಲದಿದ್ದರೆ ನ್ಯಾಯಾಲಯದ ಮುಂದೆ ತೋರಿಸಲು ಅವರ ಬಳಿ ಏನಿರುತ್ತಿತ್ತು ಯೋಚಿಸು.

ಈಗ ಬಂಧನದ ವಿಷಯ. ಇದನ್ನು ಗಮನವಿಟ್ಟು ಓದು. ನಿನಗಲ್ಲದಿದ್ದರೆ ನಿನ್ನ ಗೆಳತಿಗೋ ಗೆಳೆಯನಿಗೋ ಬೇಕಾದೀತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿದೆ. ಜನ ಇನ್ನೂ ಹಳೆಯ ನಂಬರುಗಳನ್ನೇ ಹೇಳುತ್ತಾರೆ, ಗೊಂದಲ ಮಾಡಿಕೊಳ್ಳಬೇಡ.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅನಿವಾರ್ಯ ಅನ್ನಿಸದಿದ್ದರೆ ಪೊಲೀಸರು ಮೊದಲು ಸೆಕ್ಷನ್ 35(3)ರ ನೋಟಿಸ್ ಕೊಡಬೇಕು. ನೋಟಿಸಿನಂತೆ ಹಾಜರಾದವರನ್ನು ಬಂಧಿಸಬೇಕಾದರೆ ಕಾರಣವನ್ನು ಬರೆದಿಡಬೇಕು. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು. ಬಂಧನದ ಮೆಮೊ (ಬಂಧನದ ಸಮಯ ನಮೂದಿಸಿದ ದಾಖಲೆ) ಬರೆದು, ಮನೆಯವರ ಅಥವಾ ಆ ಜಾಗದ ಗೌರವಸ್ಥರೊಬ್ಬರ ಸಾಕ್ಷಿ ಸಹಿ ಪಡೆದು, ಬಂಧಿತರ ಸಹಿಯನ್ನೂ ಹಾಕಿಸಬೇಕು (36). ಬಂಧನಕ್ಕೆ ಆಧಾರವೇನು, ಜಾಮೀನಿನ ಹಕ್ಕು ಇದೆಯೇ ಅನ್ನುವುದನ್ನು ತಿಳಿಸಬೇಕು (47). ಸಂಬಂಧಿಕರಿಗೋ ಸ್ನೇಹಿತರಿಗೋ ಎಲ್ಲಿ ಇಟ್ಟಿದ್ದೇವೆಂದು ಹೇಳಬೇಕು (48). ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು (58). ಈ 24 ಗಂಟೆಯ ಮಾತು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಇಷ್ಟಪಟ್ಟ ವಕೀಲರನ್ನು ಕಾಣುವ ಹಕ್ಕೂ ಅಲ್ಲೇ ಇದೆ. ಮೆಮೊ, ಸಾಕ್ಷಿ, ಹೆಸರಿನ ಪಟ್ಟಿ ಇವೆಲ್ಲ ಮೊದಲು ಸುಪ್ರೀಂ ಕೋರ್ಟ್ 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಹಾಕಿಕೊಟ್ಟ ಸೂತ್ರಗಳು. ಆ ಪ್ರಕರಣ ಶುರುವಾದದ್ದು 1986ರಲ್ಲಿ ಲಾಕಪ್ ಸಾವುಗಳ ಬಗ್ಗೆ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಒಂದು ಪತ್ರದಿಂದ.

ಹೆಣ್ಣುಮಕ್ಕಳಿಗೆ ಹೆಚ್ಚಿನ ಎರಡು ರಕ್ಷಣೆ ಇವೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಮಹಿಳೆಯನ್ನು ಬಂಧಿಸುವಂತಿಲ್ಲ. ತೀರಾ ಅಸಾಧಾರಣ ಸಂದರ್ಭವಾದರೆ ಮಹಿಳಾ ಪೊಲೀಸ್ ಅಧಿಕಾರಿ ಲಿಖಿತ ವರದಿ ಸಲ್ಲಿಸಿ ಮ್ಯಾಜಿಸ್ಟ್ರೇಟರ ಅನುಮತಿಯನ್ನು ಮೊದಲೇ ಪಡೆದಿರಬೇಕು (43). ಇನ್ನೊಂದು, ಸಾಕ್ಷಿಯಾಗಿ ಹೇಳಿಕೆ ಕೊಡಲು ಮಹಿಳೆಯನ್ನು ಠಾಣೆಗೆ ಬಾ ಎಂದು ಕಡ್ಡಾಯ ಮಾಡುವಂತಿಲ್ಲ. ಅವಳಿರುವಲ್ಲಿಗೇ ಬಂದು ಕೇಳಬೇಕು (179).

ಇಷ್ಟೆಲ್ಲ ಇದ್ದೂ ತಪ್ಪುವುದು ಎಲ್ಲಿ? ಗಡಿಯಾರದಲ್ಲಿ. ‘ಸುಮ್ಮನೆ ವಿಚಾರಣೆಗೆ ಬನ್ನಿ, ಅರ್ಧ ಗಂಟೆ’ ಎಂದು ಕರೆದೊಯ್ದು, ಇಡೀ ದಿನ ಬೆಂಚಿನ ಮೇಲೆ ಕೂರಿಸಿ, ರಾತ್ರಿಯೋ ಮರುದಿನವೋ ‘ಈಗ ಬಂಧಿಸಿದೆವು’ ಎಂದು ಬರೆದರೆ 24 ಗಂಟೆಯ ಲೆಕ್ಕ ತಡವಾಗಿ ಶುರುವಾಗುತ್ತದೆ. ಅದಕ್ಕೆ ಮದ್ದು ಸರಳ. ಹೊರಡುವಾಗಲೇ ಯಾವ ಠಾಣೆ, ಯಾರು ಕರೆದರು, ಎಷ್ಟು ಗಂಟೆ ಎಂದು ಒಬ್ಬರಿಗಾದರೂ ಮೆಸೇಜ್ ಕಳಿಸು; ಆ ಮೆಸೇಜಿನ ಸಮಯವೇ ದಾಖಲೆ. ಮೆಮೊದಲ್ಲಿ ಬರೆದ ಸಮಯ ತಪ್ಪಿದ್ದರೆ ಸಹಿಯ ಪಕ್ಕದಲ್ಲಿ ನಿನ್ನ ಕೈಬರಹದಲ್ಲೇ ಸರಿಯಾದ ಸಮಯ ಬರೆ. ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಮೊದಲು ಅದನ್ನೇ ಹೇಳು. ಪ್ರತಿ ಠಾಣೆಯಲ್ಲೂ ಸಿಸಿ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು ಉಳಿಸಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಹೇಳಿದೆ. ಅದನ್ನು ಕೇಳಿ ಬೇಗ ಅರ್ಜಿ ಹಾಕಬೇಕು. ಖಾಲಿ ಹಾಳೆಗೆ ಮಾತ್ರ ಯಾವ ಕಾರಣಕ್ಕೂ ಸಹಿ ಹಾಕಬೇಡ. ಓದಲು ಬಿಡದ ಕಾಗದವೂ ಖಾಲಿ ಹಾಳೆಯಷ್ಟೇ ಅಪಾಯಕಾರಿ.

ಯಾರನ್ನಾದರೂ ಎಲ್ಲಿಟ್ಟಿದ್ದಾರೆಂದೇ ತಿಳಿಯದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು, 226ನೇ ವಿಧಿಯಡಿ. ಆ ಮನುಷ್ಯನನ್ನು ನಮ್ಮ ಮುಂದೆ ತಂದು ನಿಲ್ಲಿಸಿ, ಹಿಡಿದಿಟ್ಟ ಕಾರಣ ಹೇಳಿ ಎಂದು ನ್ಯಾಯಾಲಯ ಆದೇಶಿಸುತ್ತದೆ. ತಾಯಿ, ಗೆಳೆಯ, ಯಾರು ಬೇಕಾದರೂ ಹಾಕಬಹುದು. ವಕೀಲರಿಗೆ ದುಡ್ಡಿಲ್ಲ ಅನ್ನುವ ಮಾತು ನಿನಗೆ ಅನ್ವಯಿಸದು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ಸಹಾಯವಾಣಿ 15100.

ಸರ್ಕಾರದ ಅಧಿಕಾರ ಎಲ್ಲಿ ಮುಗಿಯುತ್ತದೆ ಅನ್ನುವುದು ಗೊತ್ತಿದ್ದರೆ ಕಳ್ಳರಿಂದಲೂ ಪಾರಾಗಬಹುದು. ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೊ ಕಾಲ್‌ನಲ್ಲಿ ಬಂದು ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಆಫ್ ಮಾಡಬೇಡಿ, ಯಾರಿಗೂ ಹೇಳಬೇಡಿ’ ಎಂದು ಹೆದರಿಸಿ ಜೀವಮಾನದ ಉಳಿತಾಯ ದೋಚುತ್ತಾರಲ್ಲ, ಮೇಲೆ ಬರೆದದ್ದನ್ನು ಅದಕ್ಕೆ ಹೊಂದಿಸಿ ನೋಡು. ಮೆಮೊ ಎಲ್ಲಿ? ಸಾಕ್ಷಿ ಎಲ್ಲಿ? ಮನೆಯವರಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ಈತ ಯಾರಿಗೂ ಹೇಳಬೇಡ ಅನ್ನುತ್ತಾನೆ. ಡಿಜಿಟಲ್ ಬಂಧನ ಅನ್ನುವುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಸೆಕ್ಷನ್ 35ರ ನೋಟಿಸನ್ನೇ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫೋನ್ ಇಟ್ಟುಬಿಡು. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡು.

ಮಾತಿನ ಸ್ವಾತಂತ್ರ್ಯದ ಬಗ್ಗೆ ‘ಅದಕ್ಕೂ ಮಿತಿ ಇದೆ’ ಅನ್ನುವವರು ಬಹಳ. ಇದೆ, ನಿಜ. ಆದರೆ ಆ ಮಿತಿಗೂ ಮಿತಿ ಇದೆ. 19(2)ನೇ ವಿಧಿಯಲ್ಲಿ ಎಣಿಸಿದರೆ ಎಂಟು ಕಾರಣ ಸಿಗುತ್ತವೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ಪರದೇಶಗಳ ಜತೆಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ‘ಸರ್ಕಾರಕ್ಕೆ ಮುಜುಗರ’ ಅನ್ನುವುದು ಪಟ್ಟಿಯಲ್ಲಿಲ್ಲ. ‘ಬಹಳ ಜನಕ್ಕೆ ಇಷ್ಟವಾಗಲಿಲ್ಲ’ ಅನ್ನುವುದೂ ಇಲ್ಲ. ಪಟ್ಟಿಯಲ್ಲಿರುವ ಕಾರಣವೇ ಆದರೂ ನಿರ್ಬಂಧ ‘ಯುಕ್ತ’ವಾಗಿರಬೇಕು, ಅಂದರೆ ಸೊಳ್ಳೆ ಹೊಡೆಯಲು ಒನಕೆ ಎತ್ತುವಂತಿರಬಾರದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಹಾಗೇ ಬಿದ್ದುಹೋದದ್ದು. ‘ಕಿರಿಕಿರಿ’, ‘ಅನನುಕೂಲ’ ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷದವರೆಗೆ ಜೈಲು ಎಂದಿತ್ತು ಅದು. ಕಿರಿಕಿರಿ ಅಂದರೆ ಎಷ್ಟು, ಯಾರಿಗೆ? ಇಷ್ಟು ಜೊಳ್ಳು ಪದ ಇಟ್ಟರೆ ಯಾರನ್ನು ಬೇಕಾದರೂ ಹಿಡಿಯಬಹುದು. ಶ್ರೇಯಾ ಸಿಂಘಲ್ ಎಂಬ ಕಾನೂನು ವಿದ್ಯಾರ್ಥಿನಿ ಅರ್ಜಿ ಹಾಕಿದಳು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಸೆಕ್ಷನ್ನನ್ನು ರದ್ದು ಮಾಡಿತು. ಮುಂದೆ ನಡೆದದ್ದೇ ಹೆಚ್ಚು ಪಾಠ ಕಲಿಸುವಂಥದ್ದು. ಸತ್ತ ಆ ಸೆಕ್ಷನ್ ಅಡಿಯಲ್ಲಿ ದೇಶದ ಹಲವು ಠಾಣೆಗಳಲ್ಲಿ ವರ್ಷಗಟ್ಟಲೆ ಹೊಸ ಕೇಸು ದಾಖಲಾಗುತ್ತಲೇ ಇದ್ದವು, ಅದನ್ನು ನಿಲ್ಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆದೇಶ ಮಾಡಬೇಕಾಯಿತು. ದೆಹಲಿಯಲ್ಲಿ ಗೆದ್ದ ಹಕ್ಕು ನಿನ್ನ ಠಾಣೆಯ ಮೇಜಿನವರೆಗೆ ತಾನಾಗಿ ನಡೆದು ಬರುವುದಿಲ್ಲ. ಎಫ್‌ಐಆರ್ ಪ್ರತಿ ಕೈಗೆ ಬಂದಾಗ ಸೆಕ್ಷನ್‌ಗಳನ್ನು ಒಂದೊಂದಾಗಿ ಓದಬೇಕು.

ಸಭೆ, ಮೆರವಣಿಗೆಗೂ ಇದೇ. ‘144 ಹಾಕಿದ್ದಾರೆ’ ಅನ್ನುತ್ತಾರಲ್ಲ, ಈಗ ಅದು ಬಿಎನ್‌ಎಸ್‌ಎಸ್ 163. ಅದು ಲಿಖಿತ ಆದೇಶವಾಗಿರಬೇಕು, ಕಾರಣ ಕಾಣಿಸಿರಬೇಕು, ಎರಡು ತಿಂಗಳಿಗಿಂತ ಹೆಚ್ಚು ನಿಲ್ಲದು (ರಾಜ್ಯ ಸರ್ಕಾರ ಮಾತ್ರ ಆರು ತಿಂಗಳವರೆಗೆ ಮುಂದುವರಿಸಬಹುದು). ಇಂಥ ಆದೇಶಗಳನ್ನು ಜನರ ಕೈಗೆ ಸಿಗುವಂತೆ ಪ್ರಕಟಿಸಲೇಬೇಕು ಎಂದು 2020ರ ಜನವರಿಯ ಅನುರಾಧಾ ಭಾಸಿನ್ ತೀರ್ಪು ಹೇಳುತ್ತದೆ. ಆದೇಶದ ಪ್ರತಿ ಕೇಳು, ದಿನಾಂಕ ನೋಡು.

ಮನೆ ಕೆಡವುವ ವಿಷಯದಲ್ಲಿ ಸುಪ್ರೀಂ ಕೋರ್ಟಿನ 2024ರ ನವೆಂಬರ್ 13ರ ತೀರ್ಪು ನೆನಪಿಡು. ಕನಿಷ್ಠ 15 ದಿನದ ನೋಟಿಸ್ ರಿಜಿಸ್ಟರ್ಡ್ ಅಂಚೆಯಲ್ಲಿ ಬರಬೇಕು, ಕಟ್ಟಡದ ಮೇಲೂ ಅಂಟಿಸಬೇಕು. ಅಹವಾಲು ಕೇಳಬೇಕು. ಆದೇಶದ ನಂತರ ಮತ್ತೆ 15 ದಿನ ಕೊಡಬೇಕು. ಮೀರಿದ ಅಧಿಕಾರಿ ಸ್ವಂತ ಖರ್ಚಿನಿಂದ ನಷ್ಟ ಭರಿಸಬೇಕಾದೀತು. ರಸ್ತೆ, ಫುಟ್‌ಪಾತ್, ರೈಲು ಹಳಿ, ಕೆರೆ-ನದಿಯ ಮೇಲಿನ ಒತ್ತುವರಿಗೆ ಈ ರಕ್ಷಣೆ ಇಲ್ಲ.

ಕಾರಣ ಹೇಳಬೇಕಿಲ್ಲ ಎಂದು ಕಾನೂನೇ ಹೇಳಿಬಿಟ್ಟರೆ? ಅದೂ ಆಗಿದೆ, ಈ ದೇಶದಲ್ಲೇ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಗೆ ರಾಷ್ಟ್ರಪತಿಗಳ ಸಹಿ ಬಿತ್ತು. ಕೇಂದ್ರ ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ವಿಚಾರಣೆಯಿಲ್ಲದೆ ಜನರನ್ನು ಬಂಧಿಸಿಡಲು ಬಳಸುತ್ತಿದ್ದ ಮೀಸಾ (ಆಂತರಿಕ ಭದ್ರತಾ) ಕಾಯ್ದೆಗೆ ತಿದ್ದುಪಡಿ ತಂದು, ಹಿಡಿದವರಿಗೆ ಕಾರಣ ತಿಳಿಸಬೇಕಿಲ್ಲ ಅಂದರು. ಎಷ್ಟೋ ಜನ ಯಾಕೆ ಒಳಗಿದ್ದೇವೆಂದು ತಿಳಿಯದೆ ಒಳಗಿದ್ದರು. ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಿನಲ್ಲಿ ಹಿಡಿದು ಬೆಂಗಳೂರಿನ ಜೈಲಿನಲ್ಲಿಟ್ಟರು. ಅವರಿಗೆ ಉಬ್ಬಸ. 1977ರ ಜನವರಿಯಲ್ಲಿ ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಮೇಲಿನ ಆರೋಪ ಯಾವ ನ್ಯಾಯಾಲಯದಲ್ಲೂ ಸಾಬೀತಾಗಲಿಲ್ಲ.

ಒಳಗಿದ್ದವರು ಹೇಬಿಯಸ್ ಕಾರ್ಪಸ್ ಹಾಕಿದರು. 9 ಹೈಕೋರ್ಟುಗಳು ಅವರ ಮಾತು ಕೇಳಲು ಒಪ್ಪಿದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಒಬ್ಬ ಪೊಲೀಸ್ ತನ್ನ ವೈಯಕ್ತಿಕ ಹಗೆಗೆ ಯಾರನ್ನಾದರೂ ಕೊಂದರೆ ಆಗಲೂ ಪರಿಹಾರ ಇಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ವಿಚಾರಣೆಯಲ್ಲಿ ಕೇಳಿದರು. ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬ ಅರ್ಥದ ಉತ್ತರ ಕೊಟ್ಟರು ಅಟಾರ್ನಿ ಜನರಲ್. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ಪರ ತೀರ್ಪು ಕೊಟ್ಟರು. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಮುಂದಿನ ಜನವರಿಯಲ್ಲಿ ಅವರ ಹಿರಿತನ ಬದಿಗಿಟ್ಟು ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಅವರು ರಾಜೀನಾಮೆ ಕೊಟ್ಟರು. ಅವರ ಮಾತೇ ಸರಿಯಿತ್ತು ಎಂದು ನ್ಯಾಯಾಲಯ ಹೇಳಲು 41 ವರ್ಷ ಬೇಕಾಯಿತು. 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ್ದ ಖಾಸಗಿತನದ ಪ್ರಕರಣದಲ್ಲಿ ಒಂಬತ್ತು ಜನರ ಪೀಠ ಆ ಹಳೆಯ ತೀರ್ಪನ್ನು ತಳ್ಳಿಹಾಕಿತು.

ಬಾಗಿಲು ರಿಪೇರಿ ಅದಕ್ಕೂ ಮೊದಲೇ ಶುರುವಾಗಿತ್ತು. 1978ರ 44ನೇ ತಿದ್ದುಪಡಿ ‘ಆಂತರಿಕ ಕ್ಷೋಭೆ’ ಅನ್ನುವ ಜೊಳ್ಳು ಪದ ತೆಗೆದು ‘ಸಶಸ್ತ್ರ ದಂಗೆ’ ಅಂದಿತು. ಸಂಪುಟದ ತೀರ್ಮಾನ ಬರಹದಲ್ಲಿ ಬಂದ ಮೇಲೇ ರಾಷ್ಟ್ರಪತಿ ಸಹಿ ಹಾಕಬೇಕು ಅಂದಿತು. ಎಂಥ ತುರ್ತಿನಲ್ಲೂ 20 ಮತ್ತು 21ನೇ ವಿಧಿಗಳ ಮೊರೆಹೋಗುವ ಹಕ್ಕನ್ನು ಅಮಾನತು ಮಾಡುವಂತಿಲ್ಲ ಅಂದಿತು. ಆದರೆ ಒಂದು ಬಿರುಕು ಉಳಿದಿದೆ. ಮುನ್ನೆಚ್ಚರಿಕೆ ಬಂಧನದಲ್ಲಿ, ಅಂದರೆ ಮುಂದೆ ಏನೋ ಮಾಡಬಹುದು ಎಂಬ ಶಂಕೆಯ ಮೇಲೆ ಹಿಡಿದಿಡುವಾಗ, ಸಲಹಾ ಮಂಡಳಿಯ ಅಭಿಪ್ರಾಯ ಇಲ್ಲದೆ ಮೂರು ತಿಂಗಳು ಇಟ್ಟುಕೊಳ್ಳಬಹುದು ಎಂದು 22ನೇ ವಿಧಿ ಹೇಳುತ್ತದೆ. ಅದನ್ನು ಎರಡಕ್ಕೆ ಇಳಿಸುವ ಭಾಗವನ್ನೂ 44ನೇ ತಿದ್ದುಪಡಿ ತಂದಿತ್ತು. ಆ ಭಾಗವನ್ನು ಯಾವ ಸರ್ಕಾರವೂ ಜಾರಿಗೆ ತಂದಿಲ್ಲ. ಪಕ್ಷ ಯಾವುದೇ ಇರಲಿ, ಕೈಗೆ ಬಂದ ಅಧಿಕಾರವನ್ನು ಯಾರೂ ಇಷ್ಟಪಟ್ಟು ಕಮ್ಮಿ ಮಾಡಿಕೊಳ್ಳುವುದಿಲ್ಲ. ನಿನಗೆ ಇಷ್ಟವಾದ ನಾಯಕನ ಕೈಗೆ ಒಂದು ಅಧಿಕಾರ ಕೊಡುವಾಗ, ನಿನಗೆ ಕಂಡರಾಗದ ನಾಯಕನ ಕೈಯಲ್ಲಿ ಅದನ್ನು ಇಟ್ಟು ನೋಡು. ರಾಜಕಾರಣದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು.

ಮಿತಿಯೊಳಗಿನ ಸರ್ಕಾರ ಅಂದರೆ ಕೈಲಾಗದ ಸರ್ಕಾರ ಅಂತ ತಿಳಿಯಬೇಡ. ಪೊಲೀಸರು ದೂರು ಬರೆದುಕೊಳ್ಳದಿದ್ದರೆ ನಿನ್ನ ಸ್ವಾತಂತ್ರ್ಯ ಬೀದಿಯ ರೌಡಿಯ ಪಾಲಾಗುತ್ತದೆ. ನಮ್ಮಲ್ಲಿ ಹೆಣ್ಣುಮಕ್ಕಳ ಸ್ವಾತಂತ್ರ್ಯಕ್ಕೆ ಅಡ್ಡ ಬಂದದ್ದು ಸರ್ಕಾರಕ್ಕಿಂತ ಹೆಚ್ಚಾಗಿ ಮನೆ, ಜಾತಿ, ಊರು ಎಂದು ನನ್ನ ಖಚಿತ ಅಭಿಪ್ರಾಯ. ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿ ಸರ್ಕಾರದ ಮೇಲಷ್ಟೇ ಅಲ್ಲ, ಪ್ರತಿಯೊಬ್ಬ ಖಾಸಗಿ ಮನುಷ್ಯನ ಮೇಲೂ ನಿಲ್ಲುವುದು ಅದಕ್ಕೇ. ಇಬ್ಬರು ವಯಸ್ಕರು ಮದುವೆಗೆ ಒಪ್ಪಿದರೆ ಕುಟುಂಬದ, ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದು 2018ರ ಶಕ್ತಿವಾಹಿನಿ ತೀರ್ಪು ಹೇಳಿದೆ. ಆ ಕುಟುಂಬದಲ್ಲಿ ನಾನೂ ಸೇರಿದ್ದೇನೆ, ಮಗಳೇ. ನನ್ನ ಅಧಿಕಾರಕ್ಕೂ ಮಿತಿ ಬಿದ್ದಿದೆ. ಇನ್ನು ನಾನು ಸಲಹೆ ಕೊಡಬಹುದು, ಅಪ್ಪಣೆ ಕೊಡಲಾರೆ.

ದೂರು ತೆಗೆದುಕೊಳ್ಳದಿದ್ದರೆ ಏನು ಮಾಡಬೇಕು ತಿಳಿದಿರಲಿ. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು (ಬಿಎನ್‌ಎಸ್‌ಎಸ್ 173). ‘ನಮ್ಮ ಸರಹದ್ದಲ್ಲ’ ಅನ್ನುವಂತಿಲ್ಲ. ಝೀರೋ ಎಫ್‌ಐಆರ್ ಹಾಕಿ ಅವರೇ ವರ್ಗಾಯಿಸಬೇಕು. ಆನ್‌ಲೈನಿನಲ್ಲಿ ದೂರು ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕು. ಪ್ರತಿ ಉಚಿತ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು ಪ್ರಾಥಮಿಕ ವಿಚಾರಣೆ ಮಾಡಬಹುದು, ಅದಕ್ಕೂ 14 ದಿನದ ಗಡುವು. ಠಾಣೆ ನಿರಾಕರಿಸಿದರೆ ಎಸ್‌ಪಿಗೆ ಅಂಚೆಯಲ್ಲಿ ಬರೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗು.

ಇನ್ನು ಕಚೇರಿಗಳು. ಇಲ್ಲಿ ನಿನ್ನ ಆಯುಧ ಹಿಂಬರಹ. ಅರ್ಜಿಯನ್ನು ಎರಡು ಪ್ರತಿ ಮಾಡು. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೋ. ಸ್ವೀಕೃತಿ ಇಲ್ಲದ ಅರ್ಜಿ ಕೊಡದ ಅರ್ಜಿಗೆ ಸಮ. ‘ಆಗುವುದಿಲ್ಲ’ ಅಂದರೆ, ‘ಸರಿ ಸರ್, ಯಾಕೆ ಆಗುವುದಿಲ್ಲ ಎಂದು ಹಿಂಬರಹ ಕೊಡಿ’ ಅನ್ನು. ಎಷ್ಟೋ ಸಲ ಆಗದ ಕೆಲಸ ಅಷ್ಟಕ್ಕೇ ಆಗುತ್ತದೆ, ಏಕೆಂದರೆ ಸುಳ್ಳು ಕಾರಣವನ್ನು ಬಾಯಲ್ಲಿ ಹೇಳುವುದು ಸುಲಭ, ಬರೆದು ಸಹಿ ಹಾಕುವುದು ಕಷ್ಟ. ತೀರ್ಮಾನದಿಂದ ಬಾಧಿತರಾದವರಿಗೆ ಕಾರಣ ಕೊಡಬೇಕು ಎಂದು ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಡಿ) ಕೂಡ ಹೇಳುತ್ತದೆ. ಸಕಾಲ (ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಕರ್ನಾಟಕದ ಯೋಜನೆ) ಪಟ್ಟಿಯಲ್ಲಿರುವ ಸೇವೆಯಾದರೆ ನಂಬರಿರುವ ಸ್ವೀಕೃತಿ ಕೇಳಿ ಪಡೆ; ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಇದೆ. ಹಣಕ್ಕಿಂತ ಆ ನಂಬರು ಮುಖ್ಯ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಯಾಕೆ ಬೇಕು ಎಂದು ಹೇಳಬೇಕಿಲ್ಲ. 30 ದಿನದೊಳಗೆ ಉತ್ತರ ಬರಬೇಕು. ಯಾರದಾದರೂ ಜೀವ, ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆಯೊಳಗೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ. ಇದನ್ನು ಮರೆತ ಅರ್ಜಿಗಳು ಸುಲಭವಾಗಿ ತಿರಸ್ಕಾರವಾಗುತ್ತವೆ. ಇನ್ನೊಂದು ದೊಡ್ಡ ತಪ್ಪು ‘ರಸ್ತೆ ಯಾಕೆ ಹಾಳಾಗಿದೆ?’ ಎಂದು ಕೇಳುವುದು. ಅಭಿಪ್ರಾಯ ಕೊಡಲು ಅವರು ಬದ್ಧರಲ್ಲ. ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬಿಲ್ಲು, ಕಡತದ ಟಿಪ್ಪಣಿ ಹಾಳೆಗಳು ಇವುಗಳ ದೃಢೀಕೃತ ಪ್ರತಿ ಕೊಡಿ ಎಂದು ಕೇಳು. ಯಾರು ಯಾವ ದಿನ ಏನು ಬರೆದು ಯಾರ ಮೇಜಿಗೆ ತಳ್ಳಿದರು ಅನ್ನುವುದು ಟಿಪ್ಪಣಿ ಹಾಳೆಯಲ್ಲೇ ಇರುತ್ತದೆ. ಉತ್ತರ ಬಾರದಿದ್ದರೆ 30 ದಿನದೊಳಗೆ ಅದೇ ಕಚೇರಿಯ ಹಿರಿಯ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿ, ಗರಿಷ್ಠ 25,000 ರೂಪಾಯಿ ದಂಡ. ಆಯೋಗದಲ್ಲಿ ಸರದಿ ಉದ್ದ ಇರುತ್ತದೆ, ತಾಳ್ಮೆ ಬೇಕು.

ಒಬ್ಬಳೇ ಕೇಳುವುದಕ್ಕೂ ಹತ್ತು ಜನ ಕೇಳುವುದಕ್ಕೂ ಬಹಳ ವ್ಯತ್ಯಾಸ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು, ದೊಡ್ಡ ನಗರಗಳಲ್ಲಿ ವಾರ್ಡ್ ಸಮಿತಿಗಳಿವೆ. ಹೋದರೆ ಮೊದಲು ನಡಾವಳಿ ಪುಸ್ತಕ ನೋಡು. ಅಲ್ಲಿ ನಡೆಯುವ ಮೋಸ ಬಹಳ ಸರಳವಾದದ್ದು: ಬಾಗಿಲಲ್ಲೇ ಹಾಜರಿ ಸಹಿ ಹಾಕಿಸಿಕೊಂಡು, ಸಭೆ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಮೇಲಿನ ಖಾಲಿ ಜಾಗದಲ್ಲಿ ಠರಾವು ಬರೆಯುವುದು. ನೀನು ಬಾಯೇ ಬಿಡದ ಠರಾವಿಗೆ ನಿನ್ನ ಸಹಿ ಒಪ್ಪಿಗೆಯಾಗಿ ಕೂತಿರುತ್ತದೆ. ಅದನ್ನು ತಡೆಯಲು, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಇದೆಯೇ ಎಂದು ತಲೆ ಎಣಿಸು, ಠರಾವುಗಳನ್ನು ಸಭೆಯಲ್ಲೇ ಬರೆದು ಗಟ್ಟಿಯಾಗಿ ಓದಿಸು, ಕೊನೆಯ ಸಾಲಿನ ಕೆಳಗೆ ಗೆರೆ ಎಳೆಸು, ಆಮೇಲೆ ಸಹಿ ಹಾಕು. ಒಪ್ಪದಿದ್ದರೆ ‘ನನ್ನ ವಿರೋಧವಿದೆ’ ಎಂದು ಬರೆಸು.

ಏಳು ಜನ ಸೇರಿದರೆ ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಬಹುದು. ಓದುವ ಮನೆ, ಕೆರೆ ಸಮಿತಿ, ಏನಾದರೂ. ಸಂಘಗಳು ಸಾಯುವುದು ದುಡ್ಡಿಲ್ಲದೆ ಅಲ್ಲ, ಲೆಕ್ಕ ತೋರಿಸದೆ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ, ಅಧ್ಯಕ್ಷರ ಅವಧಿಗೆ ಬೈಲಾದಲ್ಲೇ ಕೊನೆ ಇರಲಿ, ವಾರ್ಷಿಕ ಸಭೆ ತಪ್ಪದಿರಲಿ. ಸರ್ಕಾರದಿಂದ ಕೇಳುವ ಶಿಸ್ತನ್ನು ನಿನ್ನ ಸಂಘದಲ್ಲಿ ನೀನೇ ಪಾಲಿಸದಿದ್ದರೆ ಯಾವ ಮುಖ ಇಟ್ಟುಕೊಂಡು ಕೇಳುತ್ತೀಯ?

ಕಡೆಯದಾಗಿ ಮತದಾರರ ಪಟ್ಟಿ. ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಈ ನಾಲ್ಕರಲ್ಲಿ ನಿನಗೆ 18 ತುಂಬಿದ ನಂತರ ಬರುವ ಮೊದಲ ದಿನಾಂಕಕ್ಕೆ ನೀನು ಅರ್ಹಳು. ನಮೂನೆ 6 ತುಂಬು. ಹೆಸರು ಬಂದ ಮೇಲೂ ಪ್ರತಿ ಪರಿಷ್ಕರಣೆಯಲ್ಲಿ ಕರಡು ಪಟ್ಟಿ ತೆಗೆದು ನೋಡು. ಯಾರೋ ನಮೂನೆ 7 ಕೊಟ್ಟು ನಿನ್ನ ಹೆಸರು ತೆಗೆಸಲು ಕೇಳಿರಬಹುದು, ಮತದ ದಿನ ಹೋಗಿ ಜಗಳವಾಡಿ ಪ್ರಯೋಜನವಿಲ್ಲ. ಮತಗಟ್ಟೆಯಲ್ಲಿ ‘ನಿಮ್ಮ ಮತ ಆಗಲೇ ಬಿದ್ದಿದೆ’ ಅಂದರೆ ವಾಪಸ್ ಬರಬೇಡ. ಗುರುತು ತೋರಿಸಿ ಟೆಂಡರ್ಡ್ ಮತ ಕೇಳು. ಚುನಾವಣಾ ನಿಯಮ 49ಪಿ ಪ್ರಕಾರ ಕಾಗದದ ಮತಪತ್ರ ಕೊಡಲೇಬೇಕು. ನೀನು ಗುರುತು ಹಾಕಿದ್ದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ, ನಿನ್ನ ಹೆಸರನ್ನು ಪ್ರತ್ಯೇಕ ಪಟ್ಟಿಯಲ್ಲಿ ಬರೆದು ಸಹಿ ಪಡೆಯುತ್ತಾರೆ. ಮಾಮೂಲು ಎಣಿಕೆಗೆ ಅದು ಬರುವುದಿಲ್ಲ. ಆದರೆ ಗೆಲುವಿನ ಅಂತರ ಕಡಿಮೆಯಿದ್ದು ವಿಷಯ ಹೈಕೋರ್ಟಿಗೆ ಹೋದರೆ ಆ ಲಕೋಟೆ ತೆರೆಸಲು ಬರುತ್ತದೆ.

ನಮೂನೆ 6 ಸಲ್ಲಿಸಿದಾಗ ಬರುವ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೋ.

ನಿನ್ನ ಪ್ರೀತಿಯ,
ಅಮ್ಮ